ತೊಟ್ಟಿಲಿನಲ್ಲಿ ಹಡೆದ ಬೆಕ್ಕು

ಕಲ್ಲೂರಕೊಪ್ಪದ ಮಠ ದೊಡ್ಡದೇನಲ್ಲ. ಮಣ್ಣಿನ ಮಾಳಿಗೆ, ಮುಂದೊಂದು ಪಡಸಾಲೆ, ಹಿಂದೆ ದನದ ಕೊಟ್ಟಿಗೆ. ಪೂಜ್ಯ ಶ್ರೀ ಬಯಲಲಿಂಗ ಶಿವಯೋಗಿಗಳು ತಮ್ಮ ಆಯುಷ್ಯವನ್ನೆಲ್ಲ ಅಲ್ಲಿಯೇ ಸವೆಸಿದರು. ಕೂಡಲಿಕ್ಕೆ ಪೀಠವಿದ್ದರೂ ಅವರು ಹೆಚ್ಚಾಗಿ ಕಾಣಸಿಗುತ್ತಿದ್ದುದು ಕೊಟ್ಟಿಗೆಯಲ್ಲಿ. ಸೆಗಣಿ ಬಾಚುತ್ತಲೇ ಭಕ್ತರ ಕಷ್ಟ ಕೇಳುವರು, ಮೆಲುದನಿಯಲ್ಲಿ ಒಂದೆರಡು ಮಾತು ಹೇಳಿ ಕಳಿಸುವರು. ಆ ಮೆಲುದನಿ ಏರಿದ್ದನ್ನು ಕೇಳಿದವರು ಇರಲಿಲ್ಲ. ಒಂದೇ ಒಂದು ಸಲ ಏರಿತು. ಅದೂ ಒಂದು ಬೀದಿಬೆಕ್ಕಿನ ಸಲುವಾಗಿ.

ಆ ಮಠದಲ್ಲಿ ಮೂಲ ಅಜ್ಜಾರ ಜಯಂತಿಗೆ ತೊಟ್ಟಿಲು ಕಟ್ಟುವ ವಾಡಿಕೆ. ಮಠವನ್ನು ಕಟ್ಟಿದ ಆ ಮಹಾತ್ಮರು ಕೂಸಾಗಿದ್ದಾಗ ಮಲಗಿದ್ದರೆನ್ನಲಾದ ಮರದ ತೊಟ್ಟಿಲನ್ನು ಅಟ್ಟದಿಂದ ಇಳಿಸಿ, ತೊಳೆದು, ಪಡಸಾಲೆಯ ತೊಲೆಗೆ ತೂಗುಹಾಕಿ, ಅವರ ಬೆಳ್ಳಿಯ ಮೂರ್ತಿಯನ್ನು ಅದರಲ್ಲಿ ಮಲಗಿಸುತ್ತಿದ್ದರು. ಮಕ್ಕಳಿಲ್ಲದ ಒಬ್ಬ ಹೆಣ್ಣುಮಗಳು ಮೊದಲು ಹಗ್ಗ ಹಿಡಿದು ತೂಗಬೇಕು. ಹಾಗೆ ತೂಗಿದವಳ ಮನೆಯಲ್ಲಿ ವರ್ಷ ತುಂಬುವುದರೊಳಗೆ ತೊಟ್ಟಿಲು ಕಟ್ಟುತ್ತಾರೆಂದು ಜನ ನಂಬಿದ್ದರು. ಕಟ್ಟದೇ ಹೋದರೆ? ಆಗ ಅಜ್ಜಾರೇ ಕೈಬಿಟ್ಟರು ಎಂದು ಊರೆಲ್ಲ ಮಾತಾಡುತ್ತಿತ್ತು. ನಂಬಿಕೆ ಹುಟ್ಟಿಸಿದವರೇ ಅದಕ್ಕೊಂದು ಚಾಟಿಯನ್ನೂ ಹೆಣೆದಿಟ್ಟಿದ್ದರು ನೋಡಿ!

ಆ ವರ್ಷದ ಪಾಳಿ ಕಾಶವ್ವನದು. ಮದುವೆಯಾಗಿ ಎಷ್ಟೋ ವರ್ಷವಾದರೂ ಅವಳ ಮಡಿಲು ತುಂಬಿರಲಿಲ್ಲ. ಅತ್ತೆ ಫಕೀರವ್ವ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: “ಇದೊಂದ ಸಲ ತೂಗು. ಆದ್ರ ಆತು, ಇಲ್ಲಂದ್ರ ಮುಂದಿನ ಲಗ್ನದ ಸುಗ್ಗ್ಯಾಗ ನನ್ನ ಮಗಗ ಇನ್ನೊಬ್ಬಾಕಿ ಬರ್ತಾಳ.” ಗಂಡ ಆ ಮಾತಿಗೆ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲೂ ಇಲ್ಲ. ಕಾಶವ್ವನನ್ನು ಹೆಚ್ಚು ಸುಟ್ಟದ್ದು ಅದೇ. ಹಳೆಯ ಸೀರೆಗಳ ತುಂಡು ಕೂಡಿಸಿ, ಮೂಲ ಅಜ್ಜಾರಿಗೆ ಹಾಸಲೆಂದು ತೊಟ್ಟಿಲಿನಳತೆಯ ಒಂದು ಕೌದಿ ಹೊಲಿದಳು. ಜಯಂತಿಯ ದಿನ ಬೆಳಗಾಗುತ್ತಲೇ ಬಾಯಿಗೆ ಹನಿ ನೀರು ಹಾಕದೆ, ಕೌದಿಯ ಗಂಟನ್ನು ಎದೆಗವಚಿಕೊಂಡು ಮಠಕ್ಕೆ ಬಂದಳು. ಹೆಂಗಸರು ಆಗಲೇ ನೆರೆದಿದ್ದರು.

ತೊಟ್ಟಿಲಿಗೆ ಮುಚ್ಚಿದ್ದ ಬಟ್ಟೆ ಎತ್ತಿದ ಕಾಶವ್ವ ಹೌಹಾರಿ ಹಿಂದೆ ಸರಿದಳು. ಒಳಗೆ ಪಟ್ಟೆಪಟ್ಟೆಯ ಒಂದು ಬೆಕ್ಕು, ಕಿವಿ ಹರಿದದ್ದು, ಪಕ್ಕೆಲುಬು ಎಣಿಸುವಷ್ಟು ಬಡಕಲು. ಅದರ ಹೊಟ್ಟೆಗೆ ಇನ್ನೂ ಕಣ್ಣು ಬಿಡದ ಮರಿಗಳು ಒಂದರ ಮೇಲೊಂದು ಬಿದ್ದು ಅಂಟಿಕೊಂಡಿದ್ದವು. ಒಂದಲ್ಲ ಎರಡಲ್ಲ, ಒಂಬತ್ತು! ಹಿಂದಿನ ಸಂಜೆ ಹಾಸಿಟ್ಟ ಮಡಿಬಟ್ಟೆಯೆಲ್ಲ ಹೊಲಸಾಗಿತ್ತು.

“ಬಂಜಿ ಕೈ ಹಚ್ಚಾಕ ಬಂದ್ರ ಹಿಂಗ ಆಕ್ಕೈತಿ!” ಎಂದು ಫಕೀರವ್ವ ಎಲ್ಲರಿಗೂ ಕೇಳುವಂತೆ ಒದರಿದಳು.

ಮಠದ ಪಂಚರ ಹಿರಿಯ ಚನ್ನಮಲ್ಲಪ್ಪ ಮೂರು ಬೆರಳಗಲ ವಿಭೂತಿ ಧರಿಸಿದ ಆಸಾಮಿ. ಅವನು ಮೂಗು ಮುಚ್ಚಿಕೊಂಡೇ ತೀರ್ಪು ಕೊಟ್ಟ. “ಹಡದ ಮೈಲಿಗಿ ಆಗೇತಿ. ಎಲ್ಲಾನೂ ಚೀಲದಾಗ ತುಂಬಿ ಹಳ್ಳದಾಚಿ ಒಗದು ಬರ್ರಿ. ತೊಟ್ಟಿಲ ತೊಳದು ಶುದ್ಧ ಮಾಡೂಣು.”

ಹುಟ್ಟಿಗೆ ಸೂತಕವಿಲ್ಲ ಎಂದು ಶರಣರು ಸಾರಿ ಹೋದ ನಾಡು ಇದು! ಅದನ್ನೇ ಶ್ರಾವಣದುದ್ದಕ್ಕೂ ಪುರಾಣದಲ್ಲಿ ಕೇಳಿ ತಲೆದೂಗುತ್ತಿದ್ದ ಮಹಾನುಭಾವರೇ ಅಂದು ಅಲ್ಲಿ ಮೂಗು ಮುಚ್ಚಿ ನಿಂತಿದ್ದರು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಒಬ್ಬರಿಗಾದರೂ ಆ ಬಾಣಂತಿ ಬೆಕ್ಕಿನ ಹೊಟ್ಟೆ ಬೆನ್ನಿಗೆ ಹತ್ತಿದ್ದು ಕಾಣಬಾರದೇ?

ಕಾಶವ್ವನಿಗೂ ಕಾಣಲಿಲ್ಲ. ಅವಳ ತಲೆಗೆ ಸಿಟ್ಟು ಏರಿತ್ತು. ಕಂಡ ಕಂಡ ಬೀದಿಯ ಬೆಕ್ಕಿಗೆ ಒಂಬತ್ತು, ತನಗೆ ಒಂದೂ ಇಲ್ಲ! ಹಡೆಯಲಿಕ್ಕೆ ಊರಲ್ಲಿ ಬಣವೆಯಿಲ್ಲವೇ, ಹಾಳುಗೋಡೆಯಿಲ್ಲವೇ? ತನ್ನ ಬಾಳಿಗೆ ಉಳಿದಿದ್ದ ಒಂದೇ ಒಂದು ತೊಟ್ಟಿಲೇ ಬೇಕಾಯಿತೇ ಇದಕ್ಕೆ? ಮೂಲೆಯಲ್ಲಿದ್ದ ಗೋಣಿಚೀಲವನ್ನು ತಾನೇ ಕಿತ್ತುಕೊಂಡು ಬಂದು, ಮರಿಗಳಿಗೆ ಕೈಹಾಕಿದಳು. ಬೆಕ್ಕು ಬುಸ್ಸೆಂದು ಎದ್ದು ಮುಂಗೈಯನ್ನು ಪರಚಿತು. ನಿಲ್ಲಲು ತ್ರಾಣವಿಲ್ಲದೆ ಮತ್ತೆ ಮರಿಗಳ ಮೇಲೆಯೇ ಕುಸಿಯಿತು. ಆದರೂ ಕಣ್ಣನ್ನು ಅವಳಿಂದ ಕೀಳಲಿಲ್ಲ.

“ಚೀಲ ಕೆಳಗ ಇಡು.”

ಕೊಟ್ಟಿಗೆಯ ಬಾಗಿಲಲ್ಲಿ ಶಿವಯೋಗಿಗಳು ನಿಂತಿದ್ದರು. ಮೊಣಕೈವರೆಗೂ ಸೆಗಣಿ. ಚನ್ನಮಲ್ಲಪ್ಪ ಮೂಗು ಮುಚ್ಚಿದ ಕೈ ತೆಗೆಯದೆಯೇ ತಲೆಬಾಗಿ, ಮೈಲಿಗೆಯ ಮಾತನ್ನು ಇನ್ನಷ್ಟು ಉಪ್ಪುಖಾರ ಹಚ್ಚಿ ಒಪ್ಪಿಸಿದ. ಪೂಜ್ಯರ ಮುಖ ಕೆಂಪಾಯಿತು. ಪಡಸಾಲೆ ಅಲುಗುವಂಥ ದನಿ ಬಂತು.

“ಹುಟ್ಟೂದು ಮೈಲಿಗಿ ಆಗಿದ್ರ, ಇವತ್ತ ಯಾರು ಹುಟ್ಟಿದ ದಿನಾ ಮಾಡಾಕ ಬಂದೀರಿ?”

ಚನ್ನಮಲ್ಲಪ್ಪ ಮೂಗಿನಿಂದ ಕೈ ತೆಗೆದ.

ಪೂಜ್ಯರು ಕೈ ತೊಳೆದು ಬಂದರು. ಮೂರ್ತಿಯ ಅಭಿಷೇಕಕ್ಕೆಂದು ಇಟ್ಟಿದ್ದ ಹಾಲಿನ ತಂಬಿಗೆಯನ್ನು ಎತ್ತಿ, ಒಂದು ತೆಂಗಿನ ಪರಟೆಗೆ ಸುರಿದು, ಬೆಕ್ಕಿನ ಬಾಯಿಗೆ ಹಿಡಿದರು. ಅದು ಕಣ್ಣು ಮುಚ್ಚಿ ನೆಕ್ಕತೊಡಗಿತು. ಮೂರ್ತಿಯನ್ನು ಎಲ್ಲಿಡುವುದೆಂದು ಯಾರೋ ಮೆಲ್ಲಗೆ ಕೇಳಿದರು. “ಮೂಲ ಅಜ್ಜಾರು ಇವತ್ತ ನಮ್ಮ ತೊಡಿ ಮ್ಯಾಲ ಮಲಗ್ತಾರ,” ಎಂದವರು ಕಾಶವ್ವನ ಕಡೆಗೆ ತಿರುಗಿದರು. “ಪಾಳಿ ನಿಂದು. ತೂಗವ್ವಾ.”

ಅಷ್ಟು ಹೊತ್ತು ತಡೆದ ಕಟ್ಟೆ ಒಡೆಯಿತು. ಎದುರಿಗಿರುವವರು ಯಾರೆಂಬ ಪರಿವೆಯೂ ಅವಳಿಗೆ ಉಳಿಯಲಿಲ್ಲ.

“ಬೆಕ್ಕಿನ ಮರಿ ತೂಗಾಕ ನಾ ಉಪಾಸ ಬಂದಿಲ್ರೀ ಅಜ್ಜಾರ! ನಿಮಗೇನ್ ಗೊತ್ತೈತ್ರಿ? ಇದೊಂದು ತೂಗಿ ಕೂಸ ಆಗಲಿಲ್ಲಂದ್ರ ನನ್ನ ಮ್ಯಾಲ ಇನ್ನೊಬ್ಬಾಕಿನ್ನ ತರ್ತಾರ. ನಿಮ್ಮ ತೊಟ್ಟಿಲ ತೋರಿಸೇ ನನ್ನ ಹೆದರಿಸ್ಯಾರ. ಬೆಕ್ಕಿನ ಸಂಕಟ ನಿಮಗ ಕಾಣ್ತು, ನನ್ನ ಸಂಕಟ ಕಾಣಲಿಲ್ಲೇನ್ರಿ?”

ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಸ್ವಾಮಿಗಳಿಗೆ ಎದುರು ನುಡಿದದ್ದು ಸಣ್ಣ ಮಾತೇ? ಪೂಜ್ಯರು ಮಾತ್ರ ತಲೆ ತಗ್ಗಿಸಿದರು. ಆಮೇಲೆ ಎಂದಿನ ಮೆಲುದನಿಯಲ್ಲಿ, “ಖರೇ ಐತಿ. ನಮ್ಮ ಕಣ್ಣ ಮುಂದ ಇದು ನಡದು ಬಂತು, ನಾವು ಸುಮ್ಮನಿದ್ವಿ. ತಪ್ಪು ಈ ಮಠದ್ದು,” ಎಂದರು. ಎಂದವರೇ ಅವಳಿಗೆ ಕೈಮುಗಿದರು.

ಆ ಊರಲ್ಲಿ ಮಠದ ವಿಭೂತಿ ಹೋಗದೆ ಯಾವ ಮದುವೆಯ ಹಂದರವೂ ಏಳುತ್ತಿರಲಿಲ್ಲ. ಪೂಜ್ಯರು ಫಕೀರವ್ವನನ್ನು ದಿಟ್ಟಿಸಿ ಹೇಳಿದರು: “ಮನ್ಯಾಗ ಸೊಸಿ ಇರೂತನಕ ನಿಮ್ಮ ಹಂದರಕ್ಕ ಇಲ್ಲಿಂದ ವಿಭೂತಿ ಬರೂದಿಲ್ಲ. ಬಂಜಿ ಅನ್ನೂ ಮಾತು ಈ ಅಂಗಳದಾಗ ಇನ್ನ ಕೇಳಬಾರದು.” ಫಕೀರವ್ವ ಹೆಂಗಸರ ಹಿಂದಕ್ಕೆ ಸರಿದಳು.

ಆಗ ಅವರು ತೊಟ್ಟಿಲಿನ ಅಂಚಿಗೆ ಸರಿದುಬಿದ್ದಿದ್ದ ಒಂದು ಮರಿಯನ್ನು ಎತ್ತಿದರು. ಉಳಿದೆಂಟರ ನೂಕಾಟದಲ್ಲಿ ಅದಕ್ಕೆ ಮೊಲೆ ಸಿಕ್ಕಿರಲಿಲ್ಲ, ಮೈ ತಣ್ಣಗಾಗಿತ್ತು. ಬೆಕ್ಕು ಪರಚಿದ ಅದೇ ಕೈಯನ್ನು ಹಿಡಿದು, ಕಾಶವ್ವನ ಅಂಗೈಯಲ್ಲಿ ಅದನ್ನಿಟ್ಟರು. “ಬೇಡಾಕ ತೂಗಬ್ಯಾಡವ್ವಾ. ಹಸದೈತಿ, ಅದಕ್ಕ ತೂಗು.”

ಬಿಸಾಡಬೇಕೆಂದರೂ ಕಾಶವ್ವನ ಕೈ ಏಳಲಿಲ್ಲ. ಮರಿ ಅವಳ ಬೆರಳ ಸಂದಿಯಲ್ಲಿ ಬಾಯಿ ತೆರೆದು, ದನಿ ಬಾರದೆ ಒದ್ದಾಡುತ್ತಿತ್ತು. ಇದನ್ನು ತಾನು ಚೀಲದಲ್ಲಿ ತುಂಬಲು ಹೊರಟಿದ್ದೆನಲ್ಲಾ! ತನಗೆ ಸವತಿ ತರಹೊರಟವರ ಮೇಲೆ ಉಕ್ಕಬೇಕಾದ ಸಿಟ್ಟು, ಈ ಕಣ್ಣು ಬಿಡದ ಜೀವದ ಮೇಲೆ ಉಕ್ಕಿತ್ತು. ಅವಳಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು. ದೀಪಕ್ಕೆಂದು ಹೊಸೆದಿಟ್ಟಿದ್ದ ಹತ್ತಿಯ ಬತ್ತಿಯೊಂದನ್ನು ತೆಗೆದುಕೊಂಡು, ಹಾಲಿನಲ್ಲಿ ಅದ್ದಿ, ಆ ಪುಟ್ಟ ಬಾಯಿಗೆ ಹಚ್ಚಿದಳು. ಮರಿ ಚೀಪಲಿಲ್ಲ. ಸೆರಗಿನಲ್ಲಿ ಸುತ್ತಿ, ಹೊಟ್ಟೆಗೆ ಒತ್ತಿಕೊಂಡು, ಮತ್ತೆ ಹಚ್ಚಿದಳು, ಮತ್ತೂ ಹಚ್ಚಿದಳು. ಪೂಜ್ಯರೂ ಮೂರ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾದು ಕುಳಿತರು; ಅವರು ಏಳದೆ ಏಳುವಂತಿಲ್ಲವೆಂದು ಊರೂ ಕಾದು ಕುಳಿತಿತು. ಬಿಸಿಲು ಪಡಸಾಲೆಯ ಒಳಗೆ ಬಂದ ಹೊತ್ತಿಗೆ ಮರಿ ಬತ್ತಿಯನ್ನು ಹಿಡಿದು ಚೀಪಿತು.

ಕಾಶವ್ವ ಕೌದಿಯ ಗಂಟು ಬಿಚ್ಚಿದಳು. ಹೊಲಸು ಬಟ್ಟೆಯನ್ನು ಮೆಲ್ಲಗೆ ಎಳೆದು, ಬೆಕ್ಕಿನ ಅಡಿಗೆ ಕೌದಿ ಹಾಸಿದಳು. ಈ ಸಲ ಅದು ಪರಚಲಿಲ್ಲ. ಮರಿಯನ್ನು ತಾಯಿಯ ಮಗ್ಗುಲಿಗಿಟ್ಟು, ಹಗ್ಗ ಹಿಡಿದು, ಒಡೆದ ದನಿಯಲ್ಲಿ ಒಬ್ಬಳೇ ಜೋಗುಳ ಹಾಡತೊಡಗಿದಳು. ಎರಡನೆಯ ನುಡಿಗೆ ಒಂದು ದನಿ ಕೂಡಿತು, ಮೂರನೆಯದಕ್ಕೆ ಪಡಸಾಲೆಯೆಲ್ಲ.

ಕಾಶವ್ವನಿಗೆ ಮುಂದೆ ಮಕ್ಕಳಾದವೇ ಎಂದು ಕೇಳುವವರಿದ್ದಾರೆ. ಇಷ್ಟೆಲ್ಲ ಕೇಳಿದ ಮೇಲೂ ಅದನ್ನೇ ಕೇಳುವವರಿಗೆ ಏನು ಹೇಳುವುದು! ಮರುವರ್ಷ ನಡೆದದ್ದನ್ನು ಹೇಳುತ್ತೇವೆ. ಅಂದು ಬೇರೊಂದು ಓಣಿಯ ಹುಡುಗಿ ಉಪವಾಸದಿಂದ ಬಾಡಿದ ಮುಖ ಹೊತ್ತು ತೊಟ್ಟಿಲಿನ ಮುಂದೆ ಕಣ್ಣು ತುಂಬಿಕೊಂಡು ನಿಂತಿದ್ದಳು. ಬೆನ್ನ ಹಿಂದಿನಿಂದ ಅವಳ ಅತ್ತೆ ಗೊಣಗಿದಳು: “ಬಂಜಿ ನಸೀಬದಾಗ ಏನೈತೋ.”

ಪೂಜ್ಯರು ತಲೆ ಎತ್ತುವ ಮೊದಲೇ ಕಾಶವ್ವ ಎದ್ದು ನಿಂತಿದ್ದಳು. ಅವಳ ಕಾಲಿಗೆ ಪಟ್ಟೆಪಟ್ಟೆಯ ಬೆಕ್ಕೊಂದು ಮೈ ಉಜ್ಜುತ್ತಿತ್ತು. ಕಂಕುಳಲ್ಲಿ ಮಡಿಸಿ ಇಟ್ಟುಕೊಂಡಿದ್ದ ಹಳೆಯ ಗೋಣಿಚೀಲವನ್ನು ಅವಳು ಆ ಅತ್ತೆಯ ಮುಂದೆ ಬಾಯಿ ಅಗಲಿಸಿ ಹಿಡಿದಳು.

“ಆ ಮಾತು ಇದರಾಗ ಹಾಕ್ರಿ ಯವ್ವಾ. ಹಳ್ಳದಾಚಿ ನಾನ ಒಗದು ಬರ್ತೀನಿ.”

ಆಮೇಲೆ ಹುಡುಗಿಯ ಕಣ್ಣೊರೆಸಿ, ಅಭಿಷೇಕದ ಹಾಲನ್ನು ಪರಟೆಗೆ ಸುರಿದು ಮೊದಲು ಅವಳಿಗೇ ಕುಡಿಸಿ, ಹಗ್ಗವನ್ನು ಕೈಗೆ ಕೊಟ್ಟಳು.