ಎತ್ತಿಗೆ ಬೇಡವೆಂದ ಕಡಲೆ

“ಗುರುಗಳೇ, ನನ್ನ ವ್ರತವನ್ನು ನನ್ನ ಹೊಟ್ಟೆಯೇ ಮುರಿಯಲು ನಿಂತರೆ ನಾನೇನು ಮಾಡಲಿ?”

ಹೀಗೆ ಕೇಳಿದವನು ಮಹಲಿಂಗ, ಮಠದಲ್ಲಿ ಪಂಕ್ತಿಗೆ ಬಡಿಸುವ ಶಿಷ್ಯ. ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು, ಸೌಟು ಇನ್ನೂ ಅವನ ಕೈಯಲ್ಲೇ ಇತ್ತು. ಯಾವ ಅಜ್ಜನಿಗೆ ಅನ್ನ ಮೆತ್ತಗಿರಬೇಕು, ಯಾರಿಗೆ ಖಾರ ಆಗದು, ಯಾರು ನಾಚಿಕೊಂಡು ಸಾಕೆನ್ನುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಮಠಕ್ಕೆ ಬಂದಂದಿನಿಂದ ಅವನು ಮಾಂಸ ಬಿಟ್ಟಿದ್ದ. ಹಾಲು ಕರುವಿನ ಪಾಲೆಂದು ಅದನ್ನೂ ಬಿಟ್ಟಿದ್ದ. ಆದರೆ ಕಾಳು ಸೊಪ್ಪುಗಳ ಊಟಕ್ಕೆ ಹೊಟ್ಟೆ ಒಪ್ಪುತ್ತಿರಲಿಲ್ಲ. ಉಬ್ಬರಿಸುತ್ತಿತ್ತು, ಹಿಂಡುತ್ತಿತ್ತು, ಒಂದು ದಿನ ಓಡಿಸುತ್ತಿತ್ತು, ಮರುದಿನ ಬಾಗಿಲು ಹಾಕಿಕೊಂಡು ಕೂರುತ್ತಿತ್ತು. ವ್ರತ ಬಿಡಲು ಮನಸ್ಸಿಲ್ಲ, ನಡೆಸಲು ಶಕ್ತಿಯಿಲ್ಲ ಎಂದು ಅವನು ಹೇಳಿಕೊಂಡ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಗಾಡಿಯವನಿದ್ದ. ಒಮ್ಮೆ ದೂರದ ಊರಿಂದ ಬರುವಾಗ ಅವನಿಗೆ ಜ್ವರ ಏರಿ, ಗಾಡಿಯಲ್ಲೇ ಎಚ್ಚರ ತಪ್ಪಿ ಬಿದ್ದ. ಹಗ್ಗ ಹಿಡಿಯುವವರಿಲ್ಲ, ದಾರಿ ತೋರಿಸುವವರಿಲ್ಲ. ಅವನ ಎತ್ತುಗಳು ಕಾಡು ದಾಟಿ, ಹಳ್ಳ ದಾಟಿ, ಗಾಡಿಯನ್ನು ತಂದು ಮನೆಯ ಮುಂದೆ ನಿಲ್ಲಿಸಿದವು. ಮುಂದಾಗಿ ದಾರಿ ಹಿಡಿದದ್ದು ಎಡಗಡೆಯ ಬಿಳಿ ಎತ್ತು. ಗಾಡಿಯವನು ಚೇತರಿಸಿಕೊಂಡು ಎದ್ದವನೇ ಅದರ ಕೊರಳು ತಬ್ಬಿ ಅತ್ತ. ಇನ್ನು ಯಾವ ಪ್ರಾಣಿಯ ಮಾಂಸವನ್ನೂ ತಿನ್ನುವುದಿಲ್ಲ, ಕರುವಿನ ಪಾಲಿನ ಹಾಲನ್ನೂ ಕುಡಿಯುವುದಿಲ್ಲ ಎಂದು ಅದರ ಹಣೆ ಮುಟ್ಟಿ ಮಾತು ಕೊಟ್ಟ. ಕೊಟ್ಟ ಮಾತಿನಿಂದ ಅವನಿಗೆ ತುಂಬ ಸುಖವಾಯಿತು. ಹೊಟ್ಟೆಗೆ ಮಾತ್ರ ಆಗಲಿಲ್ಲ.

ಗಾಡಿ ಓಡಿಸುತ್ತಲೇ ಒಣ ರೊಟ್ಟಿ ಮುರಿಯುವುದು, ಹಸಿ ಈರುಳ್ಳಿ ಕಚ್ಚುವುದು, ಮುಷ್ಟಿಗಟ್ಟಲೆ ಕಡಲೆ ಮುಕ್ಕುವುದು, ಮೇಲೆ ಗಟಗಟ ನೀರು. ಇದು ಅವನ ಊಟ. ಹೊಟ್ಟೆಯಲ್ಲಿ ಗುಡುಗು ಶುರುವಾಗುತ್ತಿತ್ತು. ದಾರಿಯಲ್ಲಿ ಖಾಲಿ ಗಾಡಿ ನಿಂತಿದ್ದರೆ ಜನ ಹತ್ತಿರದ ಪೊದೆಯ ಕಡೆ ನೋಡಿ ನಗುತ್ತಿದ್ದರು. ವೈದ್ಯರು ಹೊಟ್ಟೆ ಒತ್ತಿ ನೋಡಿ, ಹುಣ್ಣಿಲ್ಲ, ಗಡ್ಡೆಯಿಲ್ಲ, ನಿನ್ನ ಹೊಟ್ಟೆ ಮುಂಗೋಪಿ, ಅಷ್ಟೇ ಅಂದರು. ನೆಂಟರಂತೂ ತಲೆಗೊಂದು ಮಾತು ಹೇಳಿದರು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಹೇಳಿದವರೇ, ಎತ್ತಿಗೆ ಕೊಟ್ಟ ಮಾತು ಎತ್ತಿಗೆ ನೆನಪಿರುತ್ತದೆಯೇ, ಸುಮ್ಮನೆ ಒಂದು ಬಟ್ಟಲು ಮಾಂಸದ ಸಾರು ಕುಡಿ ಎಂದೂ ಹೇಳಿದರು.

ಅವನು ಸೋತ. ಸಂತೆಯ ಊರಿನಲ್ಲಿ ಮಾಂಸದೂಟದ ಒಂದು ಖಾನಾವಳಿಯಿತ್ತು. ಅಲ್ಲಿ ಮಾತು ಮುರಿಯುವುದೆಂದು ತೀರ್ಮಾನಿಸಿದ. ಆ ಬೆಳಿಗ್ಗೆ ನೊಗ ಹೂಡುವಾಗ ಬಿಳಿ ಎತ್ತಿನ ಮುಖ ನೋಡಲು ಅವನಿಗೆ ಆಗಲಿಲ್ಲ.

ದಾರಿಯಲ್ಲಿ ಒಬ್ಬ ಅಜ್ಜಿ ಗಾಡಿ ಹತ್ತಿದಳು. ಏರು ಮುಗಿದಾಗ ಅವನು ಎತ್ತುಗಳು ಉಸಿರು ಬಿಡಲೆಂದು ನೊಗ ಬಿಚ್ಚಿ, ನೆರಳಿಗೆ ಕಟ್ಟಿದ. ಒಂದು ಪಾತ್ರೆಯಲ್ಲಿ ಹುರುಳಿ ತಂದಿದ್ದ. ಹಿಂದಿನ ದಿನ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಮೆತ್ತಗೆ ಬೇಯಿಸಿ, ಆರಿಸಿದ ಹುರುಳಿ. ಬಿಳಿ ಎತ್ತಿನ ಹೊಟ್ಟೆಯೂ ನಾಜೂಕಿನದೇ. ಅದಕ್ಕೆ ಹೊಸ ಮೇವು ಹಾಕುವಾಗ ಹಳೆಯ ಹುಲ್ಲಿನಲ್ಲಿ ಚೂರು ಚೂರೇ ಬೆರೆಸಿ ಅಭ್ಯಾಸ ಮಾಡಿಸುತ್ತಿದ್ದ. ಮೆಲುಕು ಹಾಕಿ ಮುಗಿಸುವ ತನಕ ಯಾರು ಅವಸರ ಮಾಡಿದರೂ ನೊಗ ಹೂಡುತ್ತಿರಲಿಲ್ಲ. ಹುರುಳಿಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ, ಅದರ ಪಕ್ಕೆ ಸವರುತ್ತ ನಿಂತ. ಆಮೇಲೆ ತನ್ನ ಸೊಂಟದ ಗಂಟಿನಿಂದ ಒಂದು ಹಿಡಿ ಕಡಲೆ ತೆಗೆದ. ಬಿಳಿ ಎತ್ತು ಅದಕ್ಕೂ ನಾಲಿಗೆ ಚಾಚಿತು. ಅವನು ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ. ಬೇಡವೋ ನಮ್ಮಪ್ಪ, ನೆನೆಯದ ಕಾಳು, ನಿನ್ನ ಹೊಟ್ಟೆ ಕೆಡುತ್ತೆ ಎಂದು ರಮಿಸಿದ. ಆ ಹಿಡಿಯನ್ನು ತನ್ನ ಬಾಯಿಗೆ ಹಾಕಿಕೊಂಡ.

ಅಜ್ಜಿ ನೋಡುತ್ತಲೇ ಇದ್ದಳು. “ಅದಕ್ಕೆ ಆಗದ ಕಾಳು ನಿನಗೆ ಹ್ಯಾಗಪ್ಪ ಆಗುತ್ತೆ?” ಅಂದಳು.

“ನಾನೇನು ಎತ್ತೇನಜ್ಜಿ?” ಅಂದ ಅವನು.

“ಎತ್ತಾಗಿದ್ದಿದ್ರೆ ನಿನ್ನನ್ನ ನೋಡ್ಕೊಳ್ಳೋಕೆ ಒಬ್ಬ ಇರ್ತಿದ್ದ.”

ಗಾಡಿಯವನಿಗೆ ಕಡಲೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕೊನೆಗೆ ನಿಧಾನವಾಗಿ ಅಗಿದ. ಜೀವನದಲ್ಲಿ ಮೊದಲ ಸಲ ಕಡಲೆಯ ರುಚಿ ಅವನಿಗೆ ಗೊತ್ತಾಯಿತು. ಎತ್ತು ಮೆಲುಕು ಮುಗಿಸುವವರೆಗೆ ತಾನೂ ಅದರ ಪಕ್ಕದಲ್ಲಿ ಕೂತಿದ್ದ. ಸಂತೆಯಲ್ಲಿ ಅಜ್ಜಿಯನ್ನು ಇಳಿಸಿ ಕೈಮುಗಿದ. ಖಾನಾವಳಿಯ ಮುಂದೆ ಗಾಡಿ ನಿಲ್ಲಲಿಲ್ಲ.

ಆ ಸಂಜೆ ಅವನ ಮನೆಯಲ್ಲಿ ಎರಡು ಪಾತ್ರೆಗಳಲ್ಲಿ ಕಾಳು ನೆನೆಯಿತು, ಒಂದು ಎತ್ತಿಗೆ, ಒಂದು ಅವನಿಗೆ. ಒಂದೊಂದೇ ಪದಾರ್ಥ ತಿಂದು ನೋಡಿ, ಆಗುವುದನ್ನು ಇಟ್ಟುಕೊಂಡ, ಆಗದ್ದನ್ನು ಬೈಯದೆ ಬಿಟ್ಟ. ಹೆಸರುಬೇಳೆ ಹಿಡಿಸಿತು. ಹಸಿ ಈರುಳ್ಳಿ ಹಿಡಿಸಲಿಲ್ಲ. ಉಣ್ಣುವಾಗ ಗಾಡಿ ನಿಲ್ಲಿಸಿದ. ಹೊಟ್ಟೆಯ ಮುಂಗೋಪ ಪೂರ್ತಿ ಹೋಗಲಿಲ್ಲ, ಹೋಯಿತೆಂದು ನಾನು ಹೇಳಿದರೆ ಅದು ಸುಳ್ಳು. ಆದರೆ ಅದು ಗುಡುಗಿದ ದಿನ ಅವನು ಎತ್ತಿನೊಡನೆ ಆಡುವ ದನಿಯಲ್ಲೇ, ಆಯಿತಪ್ಪ, ನಿಲ್ಲೋಣ ಅನ್ನುತ್ತಿದ್ದ. ಎತ್ತು ತನ್ನನ್ನು ಒಂದು ಸಲ ಹೊತ್ತು ತಂದಿತು, ಈ ಹೊಟ್ಟೆ ಹುಟ್ಟಿದಂದಿನಿಂದ ಹೊರುತ್ತಿದೆ ಎಂದು ನೆನೆದಾಗ ಅವನ ಕಣ್ಣು ತುಂಬುತ್ತಿತ್ತು. ಎತ್ತಿಗೆ ಕೊಟ್ಟ ಮಾತು ಕೊನೆಯವರೆಗೂ ಉಳಿಯಿತು.

ಕತೆ ಮುಗಿಯಿತು. ಮಹಲಿಂಗನ ಮುಖ ಅರಳಿತ್ತು. ಕಾಳು ನೆನೆಸುವುದು ತಿಳಿಯಿತು, ನೀರು ಚೆಲ್ಲುವುದು ತಿಳಿಯಿತು, ಇಂದಿನಿಂದಲೇ ಹಾಗೆ ಮಾಡುತ್ತೇನೆ ಎಂದು ಅವನು ಗುರುಗಳಿಗೆ ನಮಸ್ಕರಿಸಿ ಎದ್ದ. ಅಡಿಗೆಮನೆಯಲ್ಲಿ ತಳ ಹಿಡಿದ ಅನ್ನವೂ ತಣ್ಣಗಾದ ಸಾರೂ ಅವನಿಗಾಗಿ ಉಳಿದಿದ್ದವು. ದಿನವೂ ಒಲೆಯ ಪಕ್ಕ ನಿಂತೇ ಎರಡು ತುತ್ತು ಬಾಯಿಗೆ ಹಾಕಿಕೊಂಡು, ಪಾತ್ರೆ ತಿಕ್ಕಲು ಹೋಗುವುದು ಅವನ ರೂಢಿ.

ಅವನು ಬಾಗಿಲು ದಾಟುವಾಗ ಗುರುಗಳು ಕೇಳಿದರು: “ಮಹಲಿಂಗ, ಎಲ್ಲರಿಗೂ ಎಲೆ ಹಾಕಿ ಬಡಿಸಿದೆಯಲ್ಲ, ನಿನ್ನ ಎಲೆ ಎಲ್ಲಿ?”

ಮಹಲಿಂಗ ಸೌಟು ಕೆಳಗಿಟ್ಟು, ತನಗೊಂದು ಎಲೆ ತರಲು ಹೋದ.