ಏಟಿಗೆ ಮೊದಲೇ ಮುಲಾಮು

ಹೊಸ ಆರೋಗ್ಯಶಾಲೆ ಕಟ್ಟಿಸಿದ ಮೇಲೆ ಕರಿಗಿರಿದುರ್ಗದ ದೊರೆ ಮುದ್ದಪ್ಪನಾಯಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ತಲೆ ಒಡೆದವನಿಗೆ ಮಂಚ, ಕೈ ಮುರಿದವನಿಗೆ ಮಂಚ, ಬಾನಿಗಟ್ಟಲೆ ಮುಲಾಮು! ಇಂಥದ್ದು ಇನ್ನಾವ ರಾಜ್ಯದಲ್ಲಿದೆ?" ಎಂದು ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ. "ಇದರಲ್ಲಿ ಕೊರತೆ ತೋರಿಸಿದವನಿಗೆ ಕೇಳಿದ್ದು ಕೊಡುತ್ತೇನೆ. ತೋರಿಸಲಾರದೆ ಸುಮ್ಮನೆ ಬಾಯಿ ಹಾಕಿದವನನ್ನು ದಳವಾಯಿಯ ಕೈಗೆ ಒಪ್ಪಿಸುತ್ತೇನೆ."

ದಳವಾಯಿ ಭರಮಣ್ಣ ಮೀಸೆ ತಿರುವಿದ. ಸಭಿಕರೆಲ್ಲ ತಂತಮ್ಮ ಉತ್ತರೀಯದ ಅಂಚು ಪರೀಕ್ಷಿಸತೊಡಗಿದರು.

ಆಸ್ಥಾನದ ವಿದೂಷಕ ಮರುಳಯ್ಯನೂ ಅಂಚನ್ನೇ ನೋಡುತ್ತಿದ್ದ. ತನ್ನ ಧೈರ್ಯದ ಬಗ್ಗೆ ಅವನಿಗೆ ಯಾವ ಭ್ರಮೆಯೂ ಇರಲಿಲ್ಲ. ಬೀದಿನಾಯಿ ಆಕಳಿಸಿದರೂ ಪಕ್ಕದ ಬೀದಿ ಹಿಡಿಯುವ ಆಸಾಮಿ. "ನಮ್ಮ ವಂಶದಲ್ಲಿ ಯಾರೂ ಯುದ್ಧದಲ್ಲಿ ಸತ್ತಿಲ್ಲ. ಅಷ್ಟು ದೂರ ಯಾರೂ ಹೋಗಿಯೇ ಇಲ್ಲ" ಎಂದು ತಾನೇ ಹೇಳಿಕೊಂಡು ತಿರುಗುತ್ತಿದ್ದ.

ಸಭೆ ಮುಗಿಸಿ ಮನೆಗೆ ಹೊರಟವನಿಗೆ ಆರೋಗ್ಯಶಾಲೆಯ ಜಗುಲಿಯ ಮೇಲೆ ಬಳೆ ಮಾರುವ ಗುರವ್ವ ಕಂಡಳು. ಮುಂಗೈಗೆ ಬಿದಿರಿನ ದಬ್ಬೆ ಕಟ್ಟಿದ್ದರು.

"ಇದೇನವ್ವ, ಈ ಕೈ ಹೋದ ವರ್ಷವೇ ವಾಸಿಯಾಗಿತ್ತಲ್ಲ?"

"ಆಗಿತ್ತಪ್ಪ. ಪಂಡಿತರು ಮೂಳೆ ನೆಟ್ಟಗೆ ಕೂರಿಸಿದ್ರು. ಮತ್ತೆ ಸಂತೆಗೆ ಹೋದೆ. ದಳವಾಯಿಗಳ ಕಾವಲಿನವನು ಕುಡಿದು ಬಂದು 'ಜಾಗ ಬಿಡು' ಅಂದ. ಬುಟ್ಟಿ ಎತ್ತೋಷ್ಟರಲ್ಲಿ ಬಾರಿಸಿದ. ಅದೇ ಆಳು, ಅದೇ ದೊಣ್ಣೆ, ಅದೇ ಕೈ." ಆ ಕೈ ಎತ್ತಿ ತೋರಿಸಿ ಅಂದಳು, "ಈ ಸಲ ಬೆರಳು ಮಡಚೋಕೆ ಬರಲ್ಲವಂತೆ. ಬೆರಳಿಲ್ಲದೆ ಬಳೆ ತೊಡಿಸೋದು ಹೇಗಪ್ಪ?"

ಊರನ್ನೆಲ್ಲ ನಗಿಸುವ ಮರುಳಯ್ಯ ತಲೆ ತಗ್ಗಿಸಿ ಮನೆಗೆ ನಡೆದ. ರಾತ್ರಿಯೆಲ್ಲ ಹೊರಳಾಡಿದ ಮೇಲೆ ಒಂದು ಉಪಾಯ ಹೊಳೆಯಿತು. ಅದಕ್ಕೆ ತನ್ನ ಸೊಂಟವೇ ಬಂಡವಾಳ ಎಂದು ಗೊತ್ತಾದಾಗ, ಯಾಕಾದರೂ ಹೊಳೆಯಿತೋ ಅನ್ನಿಸಿತು.

ಬೆಳಗ್ಗೆ ನೇರವಾಗಿ ಭರಮಣ್ಣನ ಮುಂದೆ ಹೋಗಿ ನಿಂತ. "ದಳವಾಯಿಗಳೇ, ನಿಮ್ಮ ಮೀಸೆ ನೋಡಿದರೆ ಎರಡು ಅಳಿಲು ಮೂಗಿನ ಕೆಳಗೆ ಜಗಳಕ್ಕೆ ಬಿದ್ದ ಹಾಗಿದೆ" ಎಂದವನೇ ಓಟ ಕಿತ್ತ.

"ಸಂಜೆ ಸಿಗೋ! ನಿನ್ನ ಸೊಂಟ ಮುರಿಯದಿದ್ದರೆ ಕೇಳು!" ಎಂಬ ಗರ್ಜನೆ ಬೆನ್ನಟ್ಟಿ ಬಂತು.

ಮರುಳಯ್ಯ ಆರೋಗ್ಯಶಾಲೆಗೆ ನುಗ್ಗಿ ಖಾಲಿಯಿದ್ದ ಒಂದು ಮಂಚ ಹತ್ತಿ, "ಅಯ್ಯೋ ಸೊಂಟ! ಅಯ್ಯೋ ನನ್ನ ಸೊಂಟ!" ಎಂದು ಹೊರಳಾಡತೊಡಗಿದ.

ದೊರೆ ದಿನಾ ಬೆಳಗ್ಗೆ ತನ್ನ ಆರೋಗ್ಯಶಾಲೆಯನ್ನು ಕಣ್ತುಂಬ ನೋಡಿಕೊಂಡು ಹೋಗಲು ಬರುತ್ತಿದ್ದ. ಅವತ್ತೂ ಬಂದ. ಜೊತೆಯಲ್ಲಿ ದಳವಾಯಿಯೂ ಇದ್ದ.

"ಪ್ರಭು, ಮೈಯೆಲ್ಲ ಒತ್ತಿ ನೋಡಿದೆ. ಇವನಿಗೆ ಒಂದು ಗೀರೂ ಆಗಿಲ್ಲ" ಎಂದರು ವೈದ್ಯ ಪದ್ಮರಸ ಪಂಡಿತರು.

"ಇನ್ನೂ ಆಗಿಲ್ಲ ಪಂಡಿತರೇ. ಏಟು ಸಂಜೆಗಿದೆ. ನನಗೋ ನೋವು ತಡೆಯುವ ಶಕ್ತಿಯಿಲ್ಲ. ಮುಲಾಮು ಈಗಲೇ ಹಚ್ಚಿಬಿಡಿ."

"ಯಾರೋ ಹೊಡೆಯುವವರು?" ಎಂದ ದೊರೆ.

"ನಾನೇ ಪ್ರಭು" ಎಂದು ಭರಮಣ್ಣ ಎದೆಯುಬ್ಬಿಸಿದ. "ಸೊಂಟಕ್ಕೇ ಕೊಡುತ್ತೇನೆ."

ದೊರೆಗೆ ನಗು ಬಂತು. "ಹಾಗಾದರೆ ಏಟು ತಿಂದ ಮೇಲೆ ಬಾರೋ. ಒಳ್ಳೆಯ ಮಂಚ ಕೊಡಿಸುತ್ತೇನೆ."

"ಪ್ರಭು, ಹೋದ ಬೇಸಿಗೆಯಲ್ಲಿ ಕೋಟೆ ಬಾಗಿಲ ಬಾವಿಯ ನೀರು ಕುಡಿದವರಿಗೆ ವಾಂತಿಭೇದಿ ಹತ್ತಿತಲ್ಲ, ಆಗ 'ಎಲ್ಲರೂ ಕುಡಿಯಿರಿ, ಮಲಗಿದ ಮೇಲೆ ಬನ್ನಿ' ಎಂದು ಡಂಗುರ ಹೊಡೆಸಿದಿರಾ?"

"ಹುಚ್ಚ! ಬಾವಿ ಮುಚ್ಚಿಸಿದೆ."

"ಅದರಿಂದಲೇ ಊರು ಉಳಿಯಿತು" ಎಂದರು ಪಂಡಿತರು.

ಮರುಳಯ್ಯ ಎದ್ದು ಕೂತ. "ಈ ಕಾಯಿಲೆಗೂ ಒಂದು ಬಾವಿ ಇದೆ ಪ್ರಭು. ಎಲ್ಲಿದೆ ಅಂತ ಇಲ್ಲಿ ಮಲಗಿರುವವರನ್ನೇ ಕೇಳಿ."

ದೊರೆ ಕೇಳಿದ. ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಕುಂಬಾರ ಮೊದಲು ದಳವಾಯಿಯ ಮುಖ ನೋಡಿ, ಆಮೇಲೆ "ಸಂತೇಲಿ, ಕಾವಲಿನವರು" ಎಂದು ಗೊಣಗಿದ. ಪಕ್ಕದವನದೂ ಅದೇ ಮಾತು. ಗುರವ್ವ ಎದ್ದು ಬಂದು ದಬ್ಬೆ ಕಟ್ಟಿದ ಕೈ ಚಾಚಿ, ಬೆರಳು ಮಡಚಲು ನೋಡಿದಳು. ಬೆರಳು ಅಲುಗಲಿಲ್ಲ.

ದೊರೆಯ ನಗು ಆರಿತು. "ಭರಮಣ್ಣ, ನಿನ್ನ ಆಳುಗಳನ್ನು ಸಂತೆ ಕಾಯಲು ಕಳಿಸಿದ್ದೆನೋ, ಬಡಿಯಲು ಕಳಿಸಿದ್ದೆನೋ?"

"ಮೊದಲು ಎರಡು ಬಿಟ್ಟರೇ ಜನ ಹದ್ದುಬಸ್ತಿನಲ್ಲಿರುವುದು ಪ್ರಭು. ನಾನು ಕಲಿಸಿದ್ದೇ ಅದು."

"ಕೇಳಿದಿರಲ್ಲ ಪಂಡಿತರೇ?" ಎಂದ ಮರುಳಯ್ಯ. "ಈಗ ಮುಲಾಮು ಹಚ್ಚಿ ಗಟ್ಟಿಯಾಗಿ ಕಟ್ಟು ಹಾಕಿ."

"ಎಲ್ಲಿಗಯ್ಯ? ನಿನಗೆ ಗಾಯವೇ ಇಲ್ಲವಲ್ಲ!"

"ನನ್ನ ಸೊಂಟಕ್ಕಲ್ಲ. ದಳವಾಯಿಗಳ ಬಲಗೈಗೆ. ಅಲ್ಲಿ ಒಂದು ಕಟ್ಟು ಹಾಕಿದರೆ ಇಲ್ಲಿ ಇಷ್ಟೊಂದು ಮಂಚ ಹಾಕುವ ಕೆಲಸವೇ ಇರುವುದಿಲ್ಲ."

ಆಮೇಲೆ ದೊರೆ ನಕ್ಕ. ಆದರೆ ಅದು ಮೊದಲಿನ ನಗುವಲ್ಲ. "ನನ್ನ ಜಾಣತನ ನೋಡಿ! ನನ್ನ ಆಳುಗಳಿಂದಲೇ ಕೈ ಮುರಿಸಿ, ನನ್ನ ವೈದ್ಯರಿಂದಲೇ ಕಟ್ಟು ಹಾಕಿಸಿ, ಧರ್ಮಪ್ರಭು ಅನ್ನಿಸಿಕೊಂಡು ಬೀಗುತ್ತಿದ್ದೆನಲ್ಲ" ಎಂದ.

ಅಲ್ಲೇ ಅಪ್ಪಣೆಯಾಯಿತು. ಕಾವಲಿನವರು ದೊಣ್ಣೆಯನ್ನು ಆಯುಧಶಾಲೆಯಲ್ಲಿಟ್ಟು ಬರಿಗೈಯಲ್ಲಿ ಸಂತೆಗೆ ಹೋಗಬೇಕು, ಕುಡಿದವನು ಕಾವಲಿಗೆ ಬರಕೂಡದು, ಗುರವ್ವನ ಕೈ ಮುರಿದವನ ವಿಚಾರಣೆ ಅವಳ ಎದುರಿಗೇ ಆಗಬೇಕು, ಅವಳ ಜೀವನಕ್ಕೆ ಬೇಕಾದ್ದು ಅರಮನೆಯಿಂದ ಸಲ್ಲಬೇಕು. ಪಂಡಿತರು ಭರಮಣ್ಣನ ಬಲಗೈಯನ್ನು ಭುಜದವರೆಗೂ ಸುತ್ತಿದರು. ಅದರಲ್ಲಿ ಅವರಿಗೆ ಎಷ್ಟು ಉತ್ಸಾಹವಿತ್ತೆಂದರೆ ಬಟ್ಟೆ ಮುಗಿದರೂ ಕೈ ನಿಲ್ಲಲಿಲ್ಲ. ಮಳೆಗಾಲ ಬರುವ ಹೊತ್ತಿಗೆ ಅದೇ ಪಂಡಿತರು ಖಾಲಿ ಮಂಚಗಳ ನಡುವೆ ನೊಣ ಓಡಿಸುತ್ತ ಕೂತಿರುತ್ತಿದ್ದರು. ಆದರೆ ಅದು ಆಮೇಲಿನ ಮಾತು.

ಅವತ್ತು ದೊರೆ ಹೊರಡುವ ಮುಂಚೆ, "ಕೊರತೆ ತೋರಿಸಿಬಿಟ್ಟೆ ಮರುಳಯ್ಯ. ಏನು ಬೇಕೋ ಕೇಳು" ಎಂದ.

"ಈ ಮಂಚದ ಮೇಲೆ ಇನ್ನು ಸ್ವಲ್ಪ ಹೊತ್ತು ಇರಲು ಬಿಡಿ ಪ್ರಭು" ಎಂದ ಮರುಳಯ್ಯ. "ದಳವಾಯಿಗಳ ಎದುರಿಗೆ ಇಷ್ಟೆಲ್ಲ ಆಡಿಬಿಟ್ಟೆ. ಬಾಯಿ ಆಡಿದ್ದು ಕಾಲಿಗೆ ಈಗ ಗೊತ್ತಾಗಿದೆ. ನಿಲ್ಲಲು ಒಪ್ಪುತ್ತಿಲ್ಲ."