ಅರೆಬಿಳಿ ಗುಡ್ಡದ ಸುಣಗಾರರು

ಮುದೇನಕೊಪ್ಪದಿಂದ ಘಟಪ್ರಭೆಯ ಕಡೆಗೆ ಹೋಗುವ ಕಚ್ಚಾ ರಸ್ತೆಯಲ್ಲಿ ಒಂದೂವರೆ ಮೈಲಿ ನಡೆದರೆ ಎಡಕ್ಕೆ ಒಂದು ಬೋಳು ಗುಡ್ಡ ಸಿಗುತ್ತದೆ. ಹೇಳಿಕೊಳ್ಳುವಂಥ ಎತ್ತರವೇನಿಲ್ಲ. ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ, ಕೂತು ದಣಿವಾರಿಸಿಕೊಳ್ಳಲು ಒಂದು ಮರದ ನೆರಳೂ ಇಲ್ಲ. ಇರುವುದು ಒಂದು ಹಳೆಯ ಸುಣ್ಣದ ಭಟ್ಟಿ: ಎರಡಾಳೆತ್ತರದ ದುಂಡು ಗೋಡೆ, ಬುಡದಲ್ಲಿ ಉರಿ ಹಾಕುವ ಬಾಯಿ. ಗೋಡೆಯ ಹಿಂಬದಿಯ ಅರ್ಧ ಹೊಸದಾಗಿ ಸುಣ್ಣ ಬಳಿದಂತೆ ಬೆಳ್ಳಗಿದೆ. ಬಾಯಿಯಿರುವ ಅರ್ಧ ಮಸಿ ಹಿಡಿದು ಕಪ್ಪಾಗಿದೆ. ಎರಡೂ ಕೂಡುವ ಗೆರೆ ಮೇಲಿನಿಂದ ನೆಟ್ಟಗೆ ಇಳಿದು, ನೆಲಕ್ಕೆ ಎರಡು ಮೊಳ ಇರುವಾಗ ಸೊಟ್ಟಗಾಗುತ್ತದೆ. ಅಲ್ಲಿ ಕಪ್ಪು ಬಿಳಿಯೊಳಕ್ಕೆ ಚಾಚಿಕೊಂಡು, ಯಾರೋ ಗೋಡೆಗೆ ಒರಗಿ ಕೂತ ಹಾಗೆ ಒಂದು ತಲೆ, ಒಂದು ಭುಜದ ಆಕಾರ ಮೂಡಿದೆ. ಈ ಭಟ್ಟಿಯಿಂದಲೇ ಗುಡ್ಡಕ್ಕೆ ಅರೆಬಿಳಿ ಗುಡ್ಡ ಎಂಬ ಹೆಸರು ಬಂದಿತು.

ನಾನು ಈ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟಪಾಲು ಹಂಚಿದವನು. ನನ್ನ ಅಡ್ಡಹೆಸರು ಬಡಿಗೇರ. ಒಂದು ಮೊಳೆಯನ್ನು ನೆಟ್ಟಗೆ ಹೊಡೆಯಲು ಬಾರದು. ಅಡ್ಡಹೆಸರುಗಳ ಹಣೆಬರಹವೇ ಇಷ್ಟು. ಕಸಬು ಸತ್ತರೂ ಅವು ಸಾಯುವುದಿಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡು ಊರೂರು ತಿರುಗುತ್ತವೆ. ಸುಣಗಾರ ಎಂಬ ಹೆಸರಿನಷ್ಟು ತಿರುಗಿದ ಇನ್ನೊಂದು ಹೆಸರನ್ನು ನನ್ನ ಚೀಲ ಕಂಡಿಲ್ಲ. ಮೊದಲು ಸೊಲ್ಲಾಪುರದ ಗಿರಣಿಗಳಿಂದ ಕಾರ್ಡುಗಳು ಬರುತ್ತಿದ್ದವು. ಆಮೇಲೆ ಇಚಲಕರಂಜಿ, ಸೂರತ್, ಕೊನೆಗೆ ಮಸ್ಕತ್ತು, ದೋಹಾ. ಅಲ್ಲಿ ಒಬ್ಬ ಕ್ರೇನು ನಡೆಸುತ್ತಾನೆ, ಒಬ್ಬಳು ನರ್ಸು, ಇನ್ನೊಬ್ಬ ಮೊಬೈಲಿಗೆ ಹೊದಿಕೆ ಮಾರುತ್ತಾನೆ. ಸುಣ್ಣ ಸುಡುವವರು ಒಬ್ಬರೂ ಇಲ್ಲ. ಪುಣೆಯಲ್ಲೊಬ್ಬ ಹಲ್ಲಿನ ವೈದ್ಯನಿದ್ದಾನೆ. ಬೆಳ್ಳಗೆ ಮಾಡುವ ಕಸಬನ್ನು ಅವನೊಬ್ಬನಾದರೂ ಬಿಟ್ಟಿಲ್ಲವಲ್ಲ ಎಂದು ಊರಲ್ಲಿ ನಗುತ್ತಾರೆ.

ಮೂರು ವರ್ಷದ ಹಿಂದೆ, ಯುಗಾದಿಗೆ ಎಂಟು ದಿನ ಇರುವಾಗ, ಹಳೆಯ ಕಟ್ಟಡಗಳ ಗಾರೆಯನ್ನು ಪರೀಕ್ಷಿಸುವ ಒಬ್ಬ ವಿದೇಶಿ ಹೆಣ್ಣುಮಗಳು ಬಾಗಲಕೋಟೆಯಿಂದ ಬಾಡಿಗೆ ಕಾರು ಮಾಡಿಕೊಂಡು ಬಂದಳು. ವಯಸ್ಸು ನಲವತ್ತರ ಹತ್ತಿರ. ಒಂದು ಕಡೆ ನಿಲ್ಲುವವಳಲ್ಲ, ಮಾತಾಡುವಾಗಲೂ ಭಟ್ಟಿಯ ಸುತ್ತ ತಿರುಗುತ್ತಲೇ ಇದ್ದಳು. ನನ್ನ ಪೋಸ್ಟಾಫೀಸಿನ ಇಂಗ್ಲಿಷಿನಲ್ಲಿ ಹೆಸರು ಕೇಳಿದೆ. ಸ್ಮರಾಂದಾ ವರಾರು ಎಂದಳು. ಹುಟ್ಟಿದ್ದು ರೊಮೇನಿಯಾದ ಒಂದು ಬೆಟ್ಟದ ಹಳ್ಳಿಯಲ್ಲಿ, ಇರುವುದು ಇಟಲಿಯಲ್ಲಿ. ಅವರ ಭಾಷೆಯಲ್ಲಿ ವರಾರು ಎಂದರೆ ಸುಣ್ಣ ಸುಡುವವನು. ಅವಳ ಅಜ್ಜನ ಕಾಲದಲ್ಲಿ ಅವರು ಕುದುರೆ ಬಂಡಿಯಲ್ಲಿ ಸುಣ್ಣ ಹೇರಿಕೊಂಡು ಊರೂರಿಗೆ ಹೋಗುತ್ತಿದ್ದರಂತೆ, ಈಸ್ಟರ್ ಹಬ್ಬಕ್ಕೆ ಮೊದಲು ಮನೆಮನೆಗೂ ಸುಣ್ಣ ಬಳಿಯುತ್ತಿದ್ದರಂತೆ. ಈಗ ಅವಳ ಅತ್ತೆ ಇಟಲಿಯಲ್ಲಿ ಮುದುಕರ ಆರೈಕೆ ಮಾಡುತ್ತಾಳೆ, ಒಬ್ಬ ಅಣ್ಣ ಸ್ಪೇನಿನಲ್ಲಿ ಲಾರಿ ಓಡಿಸುತ್ತಾನೆ, ಚಿಕ್ಕಪ್ಪ ಕೆನಡಾದಲ್ಲಿ ಬ್ರೆಡ್ಡು ಸುಡುತ್ತಾನೆ. ಹಳ್ಳಿಯಲ್ಲಿ ಆ ಹೆಸರಿನವರು ಯಾರೂ ಉಳಿದಿಲ್ಲ. ಇದನ್ನೆಲ್ಲ ಯಾರದೋ ಸುದ್ದಿ ಎಂಬಂತೆ ಹೇಳಿ ಮುಗಿಸಿ, ಗೋಡೆ ತೋರಿಸಿ, ಅರ್ಧವೇ ಏಕೆ ಎಂದು ಕೇಳಿದಳು. ಹಿರಿಯರಿಂದ ನಾನು ಕೇಳಿದ್ದನ್ನು ಅವಳಿಗೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ದೇಸಾಯರು ಆಳುತ್ತಿದ್ದ ಕಾಲದಲ್ಲಿ, ಸುಣಗಾರರಿಗೆ ಊರೆಂಬುದೇ ಇರಲಿಲ್ಲ ಎನ್ನುತ್ತಾರೆ. ಎಲ್ಲಿ ಸುಣ್ಣದ ಕಲ್ಲು ಇದೆಯೋ ಅಲ್ಲಿ ಭಟ್ಟಿ, ಭಟ್ಟಿಯ ಪಕ್ಕದಲ್ಲಿ ಗುಡಿಸಲು. ಊರಿನ ಗುಡ್ಡದ ಕಲ್ಲು ಮತ್ತು ಕಟ್ಟಿಗೆ ಅವರಿಗೆ, ಊರಿನ ಗುಡಿಗೂ ಕೆರೆಗೂ ಬೇಕಾದ ಸುಣ್ಣ ಅವರಿಂದ. ಅವರಲ್ಲೊಂದು ಕಟ್ಟಳೆಯಿತ್ತು. ಒಂದು ಊರನ್ನು ಬಿಟ್ಟು ಹೊರಡುವ ದಿನ ತಾವು ಕಟ್ಟಿದ ಭಟ್ಟಿಗೆ ತಾವೇ ಸುಣ್ಣ ಬಳಿಯಬೇಕು. ಭಟ್ಟಿ ಕಪ್ಪಗಿರುವ ತನಕ ಅವರು ಆ ಊರಿನವರು. ಬೆಳ್ಳಗಾಯಿತೆಂದರೆ ಕೆಲಸ ಮುಗಿಯಿತು, ಊರು ಅವರನ್ನು ತಡೆಯುವಂತಿಲ್ಲ, ಅವರು ತಿರುಗಿ ಬಂದು ಇಲ್ಲಿ ಭಟ್ಟಿ ಹೂಡುವಂತಿಲ್ಲ. ಒಮ್ಮೆ ಕುಂಚ ಮುಟ್ಟಿಸಿದ ಮೇಲೆ ಅದನ್ನು ಒರೆಸಿ ಹಾಕುವ ಮಾತೇ ಇಲ್ಲ. ಊರೂರಿನ ಹೊರಗೆ ಹೀಗೆ ಬೆಳ್ಳಗೆ ನಿಂತ ಭಟ್ಟಿಗಳನ್ನು ಕಂಡು ದಾರಿಹೋಕರು ಸಮಾಧಿಗಳೆಂದು ಕೈಮುಗಿಯುತ್ತಿದ್ದುದುಂಟಂತೆ.

ಆ ಸುಣಗಾರರಲ್ಲಿ ಕಾಡಪ್ಪ ಎಂಬವನೊಬ್ಬ. ಕೈಯ ಕೆಲಸದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅವನು ಸುಟ್ಟ ಸುಣ್ಣ ನೀರು ಬಿದ್ದ ಕೂಡಲೇ ಮಲ್ಲಿಗೆಯ ಹಾಗೆ ಅರಳುತ್ತಿತ್ತು. ಆದರೆ ಒಂದು ಊರಿನಲ್ಲಿ ಎರಡು ವರ್ಷ ಕಳೆಯಿತೆಂದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವನ ಹೆಂಡತಿ ಸಂಕವ್ವ ನಾಲ್ಕು ಊರುಗಳಲ್ಲಿ ನಾಲ್ಕು ಮಕ್ಕಳನ್ನು ಹೆತ್ತಿದ್ದಳು. ಈ ಗುಡ್ಡಕ್ಕೆ ಬಂದು ಭಟ್ಟಿ ಕಟ್ಟಿದಾಗ ಅವಳು ಗಂಡನಿಂದ ಒಂದು ಮಾತು ಪಡೆದಳು. ಗುಡ್ಡದ ಕಲ್ಲು ತೀರುವ ತನಕ ಇಲ್ಲಿಂದ ಕದಲುವುದಿಲ್ಲ ಎಂದು ಕಾಡಪ್ಪ ಭಟ್ಟಿಯ ಮೇಲೆ ಕೈಯಿಟ್ಟು ಹೇಳಿದ. ಗುಡ್ಡವೆಲ್ಲ ಸುಣ್ಣದ ಕಲ್ಲೇ, ಈಗಲೂ ತೀರಿಲ್ಲ. ಸಂಕವ್ವ ಲೆಕ್ಕಾಚಾರದ ಹೆಂಗಸು, ಅದನ್ನು ಮೊದಲೇ ನೋಡಿಕೊಂಡೇ ಕೇಳಿದ್ದಳು.

ಎರಡು ವರ್ಷ ಚೆನ್ನಾಗಿ ಕಳೆಯಿತು. ಮೂರನೆಯ ವರ್ಷ ಕೃಷ್ಣೆಯ ಆಚೆ ದಂಡೆಯಲ್ಲಿ ಹೊಸ ಕೋಟೆ ಕಟ್ಟುತ್ತಿದ್ದಾರೆಂದು ಯಾರೋ ದಾರಿಹೋಕ ಹೇಳಿಹೋದ. ಅಂದಿನಿಂದ ಕಾಡಪ್ಪ ಗುಡ್ಡದ ತುದಿಗೆ ಹೋಗಿ ಉತ್ತರಕ್ಕೆ ನೋಡುತ್ತ ನಿಲ್ಲತೊಡಗಿದ. ಯುಗಾದಿಗೆ ಎಂಟು ದಿನ ಇರುವಾಗ, ಒಂದು ಸಂತೆಯ ದಿನ, ಸಂಕವ್ವ ಎಲೆಯಡಿಕೆಯ ಜೊತೆ ತಿನ್ನುವ ಸುಣ್ಣ ಮಾರಲು ಎರಡು ಸಣ್ಣ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದಳು. ಅವಳ ಸೆರಗು ಗುಡ್ಡದ ತಿರುವಿನಲ್ಲಿ ಮರೆಯಾದದ್ದೇ ತಡ, ಕಾಡಪ್ಪ ದೊಡ್ಡ ಮಕ್ಕಳಿಬ್ಬರಿಗೆ ಬಂಡಿ ಹೇರಲು ಹೇಳಿ, ಪುಂಡಿನಾರಿನ ಕುಂಚ ಹಿಡಿದು ಭಟ್ಟಿಯ ಹಿಂಬದಿಗೆ ಬಳಿಯತೊಡಗಿದ. ಹಿಂದಿನ ದಿನವಷ್ಟೇ ಸುಣ್ಣ ಇಳಿಸಿದ್ದರಿಂದ ಬಾಯಿಯ ಕಡೆಯ ಗೋಡೆ ಇನ್ನೂ ಸುಡುತ್ತಿತ್ತು. ಬಿಸಿ ಗೋಡೆಗೆ ಬಳಿದ ಸುಣ್ಣ ನಿಲ್ಲುವುದಿಲ್ಲ, ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಭಟ್ಟಿ ಆರಲು ಇನ್ನೂ ಎರಡು ದಿನ ಬೇಕು. ಸುಣಗಾರರ ಕೂಸಿಗೂ ಗೊತ್ತಿರುವ ಈ ಸಂಗತಿ ಕಾಡಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡು ದಿನ ಕಾಯುವ ಗಂಡಸಾಗಿದ್ದರೆ ಈ ಗುಡ್ಡಕ್ಕೆ ಈ ಹೆಸರೇ ಬರುತ್ತಿರಲಿಲ್ಲ. ಅರ್ಧ ಬಳಿದು, ಉಳಿದರ್ಧ ನಿಲ್ಲದೆ ಉದುರುವುದನ್ನು ಕಂಡು, ನೀರು ಎರಚಿ ಗೋಡೆ ತಣಿಸುತ್ತ ಒದ್ದಾಡುತ್ತಿರುವಾಗ ಸಂಕವ್ವ ಸಂತೆಯಿಂದ ಹಿಂತಿರುಗಿದಳು.

ಅವಳು ಕೂಗಾಡಲಿಲ್ಲ ಎನ್ನುತ್ತಾರೆ. ತಲೆಯ ಮೇಲಿನ ಬುಟ್ಟಿ ಇಳಿಸಿ, ಬಿಳಿ ಮುಗಿದು ಕಪ್ಪು ಶುರುವಾಗುವ ಜಾಗದಲ್ಲಿ ಬಿಸಿ ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

"ಏಳ, ಸಂಕವ್ವಾ. ಬೆನ್ನ ಸುಡತೈತಿ," ಎಂದ ಕಾಡಪ್ಪ.

"ಸುಡಲಿ. ನಿಮ್ಮೂರು ಯಾವುದವಾ ಅಂತ ಸಂತ್ಯಾಗ ಯಾರರ ಕೇಳಿದ್ರ ನನ್ನ ಮಕ್ಕಳು ಭಟ್ಟಿ ಕಡೆ ಬಟ್ಟ ಮಾಡತಾವು. ಅವಕ್ಕ ಬ್ಯಾರೆ ಗುರುತಿಲ್ಲ. ಅದಕ್ಕೂ ಸುಣ್ಣಾ ಹಚ್ಚೂದಿದ್ರ ನನ್ನ ಮ್ಯಾಲೂ ಹಚ್ರಿ. ಹಚ್ಚಿ ಹೋಗ್ರಿ."

ಕಾಡಪ್ಪ ಕುಂಚ ಆಡಿಸುತ್ತ ಅವಳ ಭುಜದವರೆಗೆ ಬಂದ. ಕುಂಚ ಸೀರೆಗೆ ತಗುಲಿತು. ಅಲ್ಲಿಗೆ ಅವನ ಕೈ ನಿಂತಿತು. ಊರ ಗೌಡನನ್ನು ಕರೆಸಿದರು. ಕುಂಚ ಮುಟ್ಟಿದ್ದಾಗಿದೆ, ಆದರೆ ಭಟ್ಟಿ ಬೆಳ್ಳಗಾಗಿಲ್ಲ. ಇಂಥದ್ದನ್ನು ಅವನೂ ಕಂಡಿರಲಿಲ್ಲ. ಕೊನೆಗೆ, ಅರ್ಧ ಬಿಳಿಯಾಗಿದ್ದರಿಂದ ಹೋಗುವವರು ಹೋಗಬಹುದು, ಅರ್ಧ ಕಪ್ಪಾಗಿರುವುದರಿಂದ ಇರುವವರು ಇರಬಹುದು, ಇನ್ನರ್ಧ ಬೆಳ್ಳಗಾದ ದಿನ ಎಲ್ಲರೂ ಹೋಗಬೇಕು ಎಂದು ತೀರ್ಪು ಕೊಟ್ಟ. ಕಾಡಪ್ಪ ದೊಡ್ಡ ಮಕ್ಕಳೊಡನೆ ಬಂಡಿ ಹೊಡೆದುಕೊಂಡು ಹೋದ. ಸಂಕವ್ವ ಸಣ್ಣವರಿಬ್ಬರನ್ನು ಕರೆದುಕೊಂಡು ಉಳಿದಳು. ಇಬ್ಬರಲ್ಲಿ ಯಾರಿಗೂ ಸುಖವಾಗಲಿಲ್ಲ.

ಮರು ವರ್ಷ ಅದೇ ದಿನ, ಯುಗಾದಿಗೆ ಎಂಟು ದಿನ ಇರುವಾಗ, ಕಾಡಪ್ಪ ಬಂದ. ಮಳೆಗೆ ಅವನು ಬಳಿದ ಬಿಳಿ ಮಾಸಿತ್ತು. ಅದು ಪೂರ್ತಿ ಅಳಿಸಿಹೋದರೆ ತಾನು ಹೇಳದೆ ಓಡಿಹೋದವನಾಗುತ್ತೇನೆ ಎಂಬ ಅಂಜಿಕೆ ಅವನಿಗೆ. ಸಂಕವ್ವ ರೊಟ್ಟಿ ಕೊಟ್ಟಳು, ನೀರು ಕೊಟ್ಟಳು, ಆಮೇಲೆ ಹೋಗಿ ಅದೇ ಜಾಗದಲ್ಲಿ ಕೂತಳು. ಅವನು ಅವಳ ಭುಜದವರೆಗೆ ಬಳಿದು, "ಉಳದದ್ದಕ್ಕೂ ಹಚ್ಚಲೇನು?" ಎಂದು ಕೇಳಿದ. ಅವಳು ಹಿಂಗೈಯನ್ನು ಗೋಡೆಗಿಟ್ಟು ನೋಡಿ, "ಭಟ್ಟಿ ಇನ್ನೂ ಬಿಸಿ ಐತಿ," ಎಂದಳು. ಅವನು ಬರುವ ದಿನ ಗೊತ್ತಿದ್ದ ಅವಳು ಬೆಳಗ್ಗೆಯೇ ಮಕ್ಕಳ ಕೈಯಿಂದ ಉರಿ ಹಾಕಿಸಿದ್ದಳು. ಹೀಗೆ ಎಷ್ಟೋ ವರ್ಷ ನಡೆಯಿತು. ಅವನು ಕೃಷ್ಣೆ ದಾಟಿ, ಭೀಮೆ ದಾಟಿ, ಎಲ್ಲಿದ್ದರೂ ಆ ದಿನಕ್ಕೆ ಬರುವನು, ಅದೇ ಮಾತು ಕೇಳುವನು, ಅದೇ ಉತ್ತರ ಪಡೆದು ಹೋಗುವನು. ಅವಳ ತಲೆ ನರೆಯಿತು, ಅವನ ಬೆನ್ನು ಬಾಗಿತು, ಭಟ್ಟಿ ಮಾತ್ರ ಆರಲಿಲ್ಲ.

ಒಂದು ವರ್ಷ ಅವನು ಬರಲಿಲ್ಲ. ಸಂಕವ್ವ ಉರಿ ಹಾಕಿಸಿ ದಾರಿ ನೋಡಿದಳು. ಯುಗಾದಿ ಕಳೆಯಿತು, ಉರಿ ಆರಿತು, ಗೋಡೆ ತಣ್ಣಗಾಯಿತು. ಅವಳನ್ನು ಕಟ್ಟಿಹಾಕುವ ಮಾತು ಈಗ ಯಾವುದೂ ಇರಲಿಲ್ಲ. ಉಳಿದರ್ಧಕ್ಕೂ ಬಳಿದು ಮಗನ ಬಂಡಿ ಹತ್ತಿ, ಗಂಡ ಎಲ್ಲಿ ಬಿದ್ದಿದ್ದಾನೋ ಹುಡುಕಿಕೊಂಡು ಹೋಗಬಹುದಿತ್ತು. ಅವಳು ಕುಂಚ ತೆಗೆದುಕೊಂಡು ಎದ್ದಾಗ ಊರವರು ಹಾಗೆಯೇ ತಿಳಿದರು. ಆದರೆ ಅವಳು ಅವನ ಅರ್ಧಕ್ಕೆ ಮಾತ್ರ ಬಳಿದಳು. ತಾನು ಕೂರುತ್ತಿದ್ದ ಜಾಗವನ್ನು ಅಷ್ಟೇ ಅಷ್ಟು ಬಿಟ್ಟು, ಸುತ್ತಲೂ ನೀಟಾಗಿ ಬಳಿದು, ಕುಂಚ ತೊಳೆದಿಟ್ಟು, ಬಾಯಿಗೆ ಮತ್ತೆ ಉರಿ ಹಾಕಿ ಅತ್ತಳು. ಕಾಡಪ್ಪ ಸತ್ತನೆಂಬುದು ಊರಿಗೆ ಗೊತ್ತಾದದ್ದು ಹಾಗೆ.

ಅಂದಿನಿಂದ ಹೋದವರ ಮನೆತನದವರು ಆ ದಿನ ಎಲ್ಲೆಲ್ಲಿಂದಲೋ ಬಂದು ಬಿಳಿ ಬಳಿಯುತ್ತಾರೆ, ಇದ್ದವರ ಮನೆತನದವರು ಇಬ್ಬರು ಕೂಡಿ ಉರಿ ಹಾಕುತ್ತಾರೆ. ಸಂಕವ್ವನ ಬಳಿ ಉಳಿದ ಮಕ್ಕಳು ಇಬ್ಬರಾದ್ದರಿಂದ ಇಬ್ಬರೇ ಬೇಕು. ಹೋದವರು ಕಟ್ಟಿಗೆ ಮುಟ್ಟುವಂತಿಲ್ಲ, ಇದ್ದವರು ಕುಂಚ ಮುಟ್ಟುವಂತಿಲ್ಲ. ಸ್ಮರಾಂದಾ ಬಂದದ್ದೂ ಅದೇ ದಿನ. ಆ ವರ್ಷ ಗುಡ್ಡದ ಕೆಳಗೆ ಉಳಿದಿದ್ದ ಸುಣಗಾರರ ಮನೆ ಒಂದೇ. ಅದರಲ್ಲಿ ಫಕೀರವ್ವ ಮತ್ತು ಅವಳ ಸೊಸೆ. ನಾನು ಈ ಕತೆ ಹೇಳಿ ಮುಗಿಸುವ ಹೊತ್ತಿಗೆ ಸೊಸೆಯನ್ನು ಹೆರಿಗೆಗೆಂದು ಆಸ್ಪತ್ರೆಗೆ ಕರೆದೊಯ್ದಿದ್ದರು. ಸೊಲ್ಲಾಪುರದವರು, ಮಸ್ಕತ್ತಿನವರು ಹದಿನೆಂಟು ಮಂದಿ ಕುಂಚ ಹಿಡಿದು ನಿಂತಿದ್ದಾರೆ. ಉರಿ ಹಾಕಲು ಒಬ್ಬಳೇ ಮುದುಕಿ. ಹೊತ್ತು ಮುಳುಗುವುದರೊಳಗೆ ಉರಿ ಬೀಳದಿದ್ದರೆ ಭಟ್ಟಿ ತಣ್ಣಗಾದಂತೆ, ಉಳಿದರ್ಧಕ್ಕೂ ಬಳಿಯಲೇಬೇಕು. ಮೊಬೈಲು ಹೊದಿಕೆಯವನು, ಒಂದು ವರ್ಷಕ್ಕೆ ನಾನೇ ಕಟ್ಟಿಗೆ ಹಾಕಿದರೆ ಏನಾಯಿತು ಎಂದ. ಫಕೀರವ್ವ ಅವನನ್ನು ನೋಡಿದ ನೋಟಕ್ಕೆ ಅವನು ಹಿಂದೆ ಸರಿದ. ಆಮೇಲೆ ಅವಳು ನನ್ನ ಕಡೆಗೆ ತಿರುಗಿದಳು.

"ಟಪಾಲ ಮಾಸ್ತರ, ಈಕಿ ಹೆಸರು ಏನಂದ್ರಿ?"

"ಅವರ ಕಡೆ ಮಾತಿನಾಗ ಸುಣಗಾರ ಅಂತನಬೇ."

"ಇವತ್ತ ರಾತ್ರಿ ಎಲ್ಲಿ ಮಲಗತಾಳಂತ?"

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಬಾಗಲಕೋಟೆಯ ಲಾಡ್ಜಿನ ಹೆಸರು ಹೇಳಲು ಬಾಯಿ ತೆರೆದವಳು ಮಾತನ್ನು ಅಲ್ಲಿಗೇ ಬಿಟ್ಟಳು. ಸುತ್ತುವುದನ್ನು ನಿಲ್ಲಿಸಿದ್ದಳು. ಇಲ್ಲಿ, ಜಾಗವಿದ್ದರೆ, ಎಂದಳು.

"ಹಂಗಾದ್ರ ಇವತ್ತಿಗೆ ಈಕಿ ಇದ್ದಾಕಿ," ಎಂದು ಫಕೀರವ್ವ ಅವಳ ಕೈಗೆ ಕಟ್ಟಿಗೆ ಕೊಟ್ಟಳು.

ಇಬ್ಬರೂ ಬಗ್ಗಿ ಉರಿ ಹಾಕಿದರು. ಹದಿನೆಂಟು ಮಂದಿ ಬಿಳಿ ಬಳಿಯುತ್ತ ಸಂಕವ್ವನ ಭುಜದವರೆಗೆ ಬಂದು ನಿಂತರು. ಅಷ್ಟು ಹೊತ್ತಿಗೆ ಗೋಡೆ ಕಾದಿತ್ತು. ಮಸ್ಕತ್ತಿನ ಹಿರಿಯ, "ಉಳದದ್ದಕ್ಕೂ ಹಚ್ಚಲೇನು?" ಎಂದು ಕೇಳಿದ. ಪ್ರತಿ ವರ್ಷ ಸಂಕವ್ವನ ಜಾಗದಲ್ಲಿ ಕೂತು ಉತ್ತರ ಹೇಳುತ್ತಿದ್ದವಳು ಸೊಸೆ. ಫಕೀರವ್ವ ಸ್ಮರಾಂದಾಳನ್ನು ಆ ಕಪ್ಪು ಆಕಾರದಲ್ಲಿ ಕೂರಿಸಿದಳು. ಅವಳು ಹಿಂಗೈಯನ್ನು ಗೋಡೆಗಿಟ್ಟು, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ನಮಗೆ ಯಾರಿಗೂ ಆ ಭಾಷೆ ಬರುವುದಿಲ್ಲ. ಕುಂಚ ಹಿಡಿದವರೆಲ್ಲ ಕೆಳಗಿಟ್ಟರು.

ಬೇಸಿಗೆಯಲ್ಲಿ ಅವಳಿಂದ ಒಂದು ಕಾಗದ ಬಂತು. ಅಜ್ಜನ ಹಳ್ಳಿಗೆ ಹೋಗಿದ್ದಳಂತೆ. ಅಲ್ಲಿನ ಭಟ್ಟಿಯ ತುಂಬ ಹುಲ್ಲು ಬೆಳೆದಿದೆ, ಕೈಯಿಟ್ಟು ನೋಡಿದೆ, ತಣ್ಣಗಿದೆ, ಆದರೂ ಆ ರಾತ್ರಿ ಅದೇ ಊರಲ್ಲಿ ಮಲಗಿದೆ ಎಂದು ಬರೆದಿದ್ದಳು. ಫಕೀರವ್ವನಿಗೆ ಓದಿ ಹೇಳಿದೆ. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಅವಳು, ಇನ್ನೊಮ್ಮೆ ಓದಿರಿ ಎಂದಳು.

ಈಗ ಅರೆಬಿಳಿ ಗುಡ್ಡಕ್ಕೆ ಬರುವವರು ಆ ಸೊಟ್ಟ ಗೆರೆಯ ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಯಾರ ಭುಜವೂ ಆ ಆಕಾರಕ್ಕೆ ಸರಿಹೊಂದುವುದಿಲ್ಲ, ಸಂಕವ್ವ ಸಣ್ಣ ಆಳು. ಕೆಲವರು ಕಪ್ಪು ಗೋಡೆಗೆ ಕೈಯಿಟ್ಟು ತಟ್ಟನೆ ತೆಗೆದು, ಬಿಸಿಲಿಗೆ ಕಾದಿದೆ ಎನ್ನುತ್ತಾರೆ. ಪಕ್ಕದ ಬಿಳಿ ಗೋಡೆಯ ಮೇಲೂ ಅದೇ ಬಿಸಿಲು ಬೀಳುತ್ತದೆ. ಅದನ್ನು ಮುಟ್ಟಿದವರು ಮಾತ್ರ ಹಾಗೆ ತಟ್ಟನೆ ಕೈ ತೆಗೆಯುವುದಿಲ್ಲ.